ಎಷ್ಟು ಬೆಕ್ಕು ಸಾಕಬಹುದು? ಮೊದಲು ಟ್ರೇ ಇಡೋ ಜಾಗ ಎಣಿಸಿ
ಇನ್ನೊಂದು ಬೆಕ್ಕು ತರೋ ಮುಂಚೆ, ಮನೇಲಿ ಲಿಟರ್ ಟ್ರೇ (ಬೆಕ್ಕು ಉಚ್ಚೆ, ಕಕ್ಕ ಮಾಡೋ ಮರಳಿನ ತಟ್ಟೆ) ಇಡೋಕೆ ಬೇರೆ ಬೇರೆ ಕಡೆ ಎಷ್ಟು ಜಾಗ ಇದೆ ಅಂತ ಎಣಿಸಿ, ಅದರಲ್ಲಿ ಒಂದು ಕಳೀರಿ. ಅಷ್ಟೇ ಬೆಕ್ಕು, ಜಾಸ್ತಿ ಬೇಡ. ಬೆಕ್ಕಿಗೊಂದು ಟ್ರೇ, ಮೇಲೊಂದು ಹೆಚ್ಚು ಅಂತ ಪಶುವೈದ್ಯರು ಹೇಳ್ತಾರಲ್ಲ, ಅದೇ ಲೆಕ್ಕ. ಬಾತ್‌ರೂಮಲ್ಲಿ ಸಾಲಾಗಿ ಇಟ್ಟ ಮೂರು ಟ್ರೇ ಬೆಕ್ಕಿನ ಪಾಲಿಗೆ ಒಂದೇ: ಜೋರಿನ ಬೆಕ್ಕು ಹೊಸ್ತಿಲಲ್ಲಿ ಸುಮ್ಮನೆ ಮೈಚಾಚಿ ಮಲಗಿದ್ರೂ ಸಾಕು, ಪುಕ್ಕಲು ಬೆಕ್ಕು ದಾಟಿ ಹೋಗಲ್ಲ. ಉಚ್ಚೆ ಕಟ್ಟಿಕೊಂಡು ಕೂರುತ್ತೆ, ಇಲ್ಲಾ ಹಾಸಿಗೆ ಮೇಲೆ ಹೊಯ್ಯುತ್ತೆ. ಎರಡು ಬೆಡ್‌ರೂಮಿನ ಫ್ಲ್ಯಾಟಲ್ಲಿ ಯುಟಿಲಿಟಿ, ಹಾಲ್ ಮೂಲೆ, ಒಂದು ರೂಮು ಅಂತ ಮೂರು ಜಾಗ ಸಿಕ್ಕರೆ ಎರಡು ಬೆಕ್ಕು. ರಾತ್ರಿ ಬಾಗಿಲು ಹಾಕೋ ಬಾಲ್ಕನಿ ಲೆಕ್ಕಕ್ಕಿಲ್ಲ. ಸಂತಾನಹರಣ ಆಪರೇಷನ್ ಆಗದ ಗಂಡು ಬೆಕ್ಕಿದ್ರೆ ಈ ಲೆಕ್ಕ ನಡೆಯಲ್ಲ. ಎಷ್ಟು ಟ್ರೇ ಇಟ್ಟರೂ ಗೋಡೆಗೆ ಉಚ್ಚೆ ಚಿಮ್ಮಿಸುತ್ತೆ, ಮೊದಲು ಆಪರೇಷನ್ ಮಾಡಿಸಿ. ಇನ್ನು ಗಂಡು ಬೆಕ್ಕು ಟ್ರೇಲಿ ಮತ್ತೆ ಮತ್ತೆ ಕೂತು ತಿಣುಕಿದ್ರೂ ಉಚ್ಚೆ ಬರ್ತಿಲ್ಲ ಅಂದ್ರೆ ಅದು ಜಾಗದ ಜಗಳ ಅಲ್ಲ. ಮೂತ್ರನಾಳ ಕಟ್ಟಿರಬಹುದು, ಜೀವಕ್ಕೇ ಅಪಾಯ; ಬೆಳಗಾಗಲಿ ಅಂತ ಕಾಯದೆ ಆಗಲೇ ಡಾಕ್ಟರ ಹತ್ರ ಹೋಗಿ.