ಕಾವಿಗೆ ಇಡುವ ಮುಂಚೆ ಎರಡು ಮೊಟ್ಟೆ ಒಡೆದು ನೋಡಿ

ಹೋದ ವರ್ಷ ನಮ್ಮ ಕೆಂಪು ಹೇಂಟೆ ಕಾವಿಗೆ ಕೂತಾಗ 12 ಮೊಟ್ಟೆ ಇಟ್ಟಿದ್ದೆ. 21 ದಿನ ಅದು ಕೂತಲ್ಲೇ ಕೂತಿತ್ತು. ದಿನಕ್ಕೊಮ್ಮೆ ಎದ್ದು ನಾಲ್ಕು ಕಾಳು ತಿಂದು, ನೀರು ಕುಡಿದು ಮತ್ತೆ ಓಡಿ ಬರುತ್ತಿತ್ತು. ಕೊನೆಗೆ ಬಂದದ್ದು ಮೂರೇ ಮರಿ. ಸೊರಗಿ ಹೋಗಿದ್ದ ಆ ಕೋಳಿಯನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ತಪ್ಪು ಅದರದ್ದಲ್ಲ, ಮೊಟ್ಟೆ ಆರಿಸಿದ ನನ್ನದು.

ನಮ್ಮದು ತಿಪಟೂರು ಕಡೆಯ ತೆಂಗಿನ ತೋಟ. ಆಗ 16 ನಾಟಿ ಹೇಂಟೆ, ಒಂದು ಹುಂಜ ಇದ್ದವು. ಹುಂಜ ಇದೆ ಅಲ್ವಾ, ಹಾಗಾದರೆ ಎಲ್ಲ ಮೊಟ್ಟೆಯೂ ಮರಿಯಾಗುತ್ತೆ ಅಂತಲೇ ನಂಬಿದ್ದೆ.

"ನೀರಿಗೆ ಹಾಕಿ ನೋಡವ್ವ, ತೇಲಿದ್ದು ಗೊಡ್ಡು" ಅಂದರು ಪಕ್ಕದ ಮನೆ ಅಜ್ಜಿ. ಹಾಕಿದೆ. ಎಲ್ಲವೂ ಮುಳುಗಿದವು. ಆಮೇಲೆ ಅರ್ಥವಾಯಿತು, ನೀರು ಹೇಳುವುದು ಮೊಟ್ಟೆಯ ವಯಸ್ಸನ್ನು. ದಿನ ಕಳೆದಂತೆ ಒಳಗಿನ ಗಾಳಿಯ ಜಾಗ ದೊಡ್ಡದಾಗಿ ಹಳೇ ಮೊಟ್ಟೆ ತೇಲುತ್ತೆ, ಅಷ್ಟೇ. ಟಾರ್ಚ್ ಬೆಳಕಿಗೆ ಹಿಡಿದರೂ ಕಾವು ತಾಗದ ಮೊಟ್ಟೆಯಲ್ಲಿ ಹಳದಿಯ ನೆರಳು ಬಿಟ್ಟು ಏನೂ ಕಾಣಲ್ಲ. ಹುಂಜ ಸೇರಿದ್ದೂ ಸೇರದ್ದೂ ಒಂದೇ ಥರ.

ಒಡೆದೇ ನೋಡಬೇಕು. ಇದನ್ನು ಹೇಳಿಕೊಟ್ಟವರು ನಮ್ಮ ಕಡೆ ಬರುವ ಪಶುವೈದ್ಯರು. ಒಡೆದ ಮೊಟ್ಟೆಯಿಂದ ಮರಿ ಬರಲ್ಲ, ನಿಜ. ಆದರೆ ಅದೇ ಹೇಂಟೆ ಅದೇ ವಾರ ಇಟ್ಟ ಉಳಿದ ಮೊಟ್ಟೆ ಹೇಗಿರಬಹುದು ಅಂತ ಅದು ಹೇಳುತ್ತೆ.

ಅವತ್ತಿಂದ ಅಡುಗೆಗೆ ಒಡೆಯುವ ಪ್ರತಿ ಮೊಟ್ಟೆಯನ್ನೂ ಮೊದಲು ತಟ್ಟೆಗೆ ಹಾಕಿ, ಕಿಟಕಿ ಬೆಳಕಲ್ಲಿ ನೋಡಲು ಶುರು ಮಾಡಿದೆ. ಹಳದಿಯ ಮೇಲೆ ಒಂದು ಬಿಳಿ ಚುಕ್ಕಿ ಎಲ್ಲ ಮೊಟ್ಟೆಯಲ್ಲೂ ಇರುತ್ತೆ. ಕಾಣದಿದ್ದರೆ ಹಳದಿಯನ್ನು ಚಮಚದಿಂದ ಮೆಲ್ಲಗೆ ಹೊರಳಿಸಿ. ಹುಂಜ ಸೇರದ ಮೊಟ್ಟೆಯಲ್ಲಿ ಆ ಚುಕ್ಕಿ ಚಿಕ್ಕದು, ಗಟ್ಟಿ ಬಿಳಿ, ಅಂಚು ಸೊಟ್ಟಪಟ್ಟ. ಸೇರಿದ್ದರಲ್ಲಿ ಅದು ಹೆಚ್ಚುಕಮ್ಮಿ 4 ಮಿಲಿಮೀಟರ್ ಅಗಲದ ಉಂಗುರ. ದುಂಡಗಿನ ಬಿಳಿ ಬಳೆ, ನಡುವೆ ತಿಳಿಯಾದ ಜಾಗ. ಮೊಟ್ಟೆಗೆ ಲೋಳೆ, ಚಿಪ್ಪು ಕೂಡಿಕೊಂಡು ಹೊರಗೆ ಬರೋಕೆ ಒಂದು ದಿನಕ್ಕಿಂತ ಜಾಸ್ತಿ ಬೇಕು. ಅಷ್ಟರಲ್ಲಿ ಜೀವ ತಾಯಿಯ ಹೊಟ್ಟೆಯ ಬಿಸಿಗೇ ಬೆಳೆಯಲು ಶುರು ಮಾಡಿರುತ್ತೆ. ಆ ಉಂಗುರ ಅದರ ಗುರುತು. ರಕ್ತದ ಚುಕ್ಕೆ ಕಂಡರೆ ಮರಿ ಅಂತ ಎಷ್ಟೋ ಜನ ಹೇಳ್ತಾರೆ. ಅದು ಹೇಂಟೆಯ ಒಳಗೆ ಸಣ್ಣ ನರ ಒಡೆದು ಬಂದ ರಕ್ತ. ಹುಂಜವೇ ಇಲ್ಲದ ಕಡೆಯೂ ಬರುತ್ತೆ.

ಮೊದಲ 10 ಮೊಟ್ಟೆಯಲ್ಲಿ ಉಂಗುರ ಕಂಡದ್ದು ನಾಲ್ಕರಲ್ಲಿ ಮಾತ್ರ.

ಯಾವ ಮೊಟ್ಟೆ ಯಾರದ್ದು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಹೋದೆ. ಹುಂಜ ಮೇಲೆ ಹತ್ತಿ ಹತ್ತಿ ಬೆನ್ನಿನ ಪುಕ್ಕ ಸವೆದ ಹೇಂಟೆಗಳ ಮೊಟ್ಟೆಯಲ್ಲಿ ಉಂಗುರ ಇತ್ತು. ಬೆನ್ನು ನುಣ್ಣಗೆ ಹೊಳೆಯುತ್ತಿದ್ದ ಕೋಳಿಗಳ ಮೊಟ್ಟೆಯಲ್ಲಿ ಇರಲಿಲ್ಲ. ಹುಂಜಕ್ಕೆ ವಯಸ್ಸಾಗಿತ್ತು, ಅದು ಹೋಗುತ್ತಿದ್ದದ್ದು ಆರೇಳು ಹೇಂಟೆಯ ಹತ್ತಿರ ಮಾತ್ರ. ನಮ್ಮ ಬೂದು ಹೇಂಟೆಯನ್ನಂತೂ ಅದು ತಿರುಗಿಯೂ ನೋಡುತ್ತಿರಲಿಲ್ಲ. 8–10 ಹೇಂಟೆಗೆ ಒಂದು ಹುಂಜ ಬೇಕು ಅನ್ನುವ ಮಾತು ಸುಮ್ನೆ ಅಲ್ಲ.

ಒಂದು ಎಳೆಯ ಹುಂಜ ತಂದೆ. ಹುಂಜ ಒಮ್ಮೆ ಸೇರಿದರೆ ಹೇಂಟೆ ಸುಮಾರು ಎರಡು ವಾರ ಮರಿಯಾಗುವ ಮೊಟ್ಟೆ ಇಡಬಲ್ಲದು. ಹಾಗಾಗಿ ಹೊಸ ಹುಂಜದ್ದೇ ಮರಿ ಬೇಕು ಅನ್ನುವವರು ಹಳೇದನ್ನು ಬೇರೆ ಮಾಡಿ ಮೂರು ವಾರ ಕಾಯಬೇಕು. ನನಗೆ ಆ ಹಟ ಇರಲಿಲ್ಲ. ಎರಡನ್ನೂ ಇಟ್ಟುಕೊಂಡೆ.

ಮುಂದಿನ ಸಲ ಕೆಂಪು ಹೇಂಟೆ ಕೂತಾಗ ಒಂದು ವಾರದೊಳಗಿನ, ತೊಳೆಯದ, ಉಂಗುರದ ಹೇಂಟೆಗಳ ಮೊಟ್ಟೆ ಮಾತ್ರ ಆರಿಸಿದೆ. ಏಳನೇ ರಾತ್ರಿ ಮೊಬೈಲ್ ಟಾರ್ಚಿನ ಮೇಲೆ ತೂತು ಮಾಡಿದ ರಟ್ಟು ಇಟ್ಟು, ಮೊಟ್ಟೆಯ ದಪ್ಪ ತುದಿಯನ್ನು ಅದರ ಮೇಲೆ ಹಿಡಿದೆ. 12ರಲ್ಲಿ 10 ಮೊಟ್ಟೆಯಲ್ಲಿ ಜೇಡರ ಬಲೆಯ ಥರ ಕೆಂಪು ನರ ಹರಡಿತ್ತು. ಒಂದು ತಿಳಿಯಾಗಿತ್ತು. ಇನ್ನೊಂದರಲ್ಲಿ ಬರೀ ಕೆಂಪು ಗೆರೆಯ ಬಳೆ. ಅಂದರೆ ಅದರಲ್ಲಿ ಜೀವ ಹುಟ್ಟಿ ಸತ್ತಿತ್ತು. ಅದನ್ನು ಗೊಡ್ಡು ಮೊಟ್ಟೆಯ ಲೆಕ್ಕಕ್ಕೆ ಸೇರಿಸಿ ಹುಂಜವನ್ನು ದೂರಬಾರದು. ಎರಡನ್ನೂ ತೆಗೆದೆ. ಉಳಿದ ಹತ್ತರಲ್ಲಿ ಒಂಬತ್ತು ಮರಿ ಬಂದವು.

ಈಗಲೂ ಕಾವಿಗೆ ಇಡುವ ಮುಂಚೆ ಎರಡು ಮೊಟ್ಟೆ ಒಡೆದು ನೋಡುತ್ತೇನೆ. ಮೊನ್ನೆ ಬೂದು ಹೇಂಟೆಯದ್ದೂ ಒಡೆದೆ. ಉಂಗುರ ಇತ್ತು.