ಮ್ಯಾನ್ಮಾರ್‌ನ ರಾಜಕೀಯ ಕೈದಿಯ ಪರವಾಗಿ ವಿಶ್ವಸಂಸ್ಥೆಗೆ ದೂರು ಬರೆಯುವುದು ಹೇಗೆ

2021ರ ಫೆಬ್ರವರಿ 1ರಂದು ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಸಿದುಕೊಂಡ ಮೇಲೆ ಹೊರದೇಶಗಳಿಂದ ಖಂಡನೆ, ನಿರ್ಬಂಧ, ನಿರ್ಣಯ ಎಲ್ಲವೂ ಬಂದವು. ಭದ್ರತಾ ಮಂಡಳಿ 2022ರ ಡಿಸೆಂಬರ್‌ನಲ್ಲಿ 2669ನೇ ನಿರ್ಣಯ ಅಂಗೀಕರಿಸಿತು. ಭಾರತ, ಚೀನಾ, ರಷ್ಯಾ ಮತದಾನದಿಂದ ದೂರ ಉಳಿದವು. ಆದರೆ ಇಂಥ ನಿರ್ಣಯಗಳಲ್ಲಿ ಸಾಮಾನ್ಯ ಕೈದಿಯ ಹೆಸರು ಇರುವುದಿಲ್ಲ. ಒಬ್ಬ ವ್ಯಕ್ತಿಯ ಹೆಸರು ಹಿಡಿದು ಅಲ್ಲಿನ ಆಡಳಿತದಿಂದ ಉತ್ತರ ಕೇಳಬೇಕಾದರೆ ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಮಾನವ ಹಕ್ಕು ತಜ್ಞರ ಕಾರ್ಯತಂಡಗಳಿಗೆ ದೂರು ಕೊಡಬೇಕು. ಇದಕ್ಕೆ ಶುಲ್ಕವಿಲ್ಲ, ವಕೀಲರೇ ಆಗಬೇಕೆಂದಿಲ್ಲ. ಮನೆಯವರ ಒಪ್ಪಿಗೆ ಇದ್ದರೆ ಬೆಂಗಳೂರಿನಲ್ಲಿ ಕೂತೂ ಬರೆಯಬಹುದು.

ಮೊದಲು ಯಾರಿಗೆ ಬರೆಯಬೇಕು ಎಂದು ನಿಶ್ಚಯಿಸಿ. ಸೈನಿಕರು ಕರೆದೊಯ್ದಿದ್ದಾರೆ, ಎಲ್ಲಿದ್ದಾರೆಂದು ಯಾರೂ ಹೇಳುತ್ತಿಲ್ಲ ಎಂದಾದರೆ ಅದು ಕಣ್ಮರೆ ಪ್ರಕರಣ. ಅದಕ್ಕೆ 1980ರಲ್ಲಿ ಸ್ಥಾಪನೆಯಾದ ಬೇರೆ ಕಾರ್ಯತಂಡವಿದೆ. ಘಟನೆ ನಡೆದು ಮೂರು ತಿಂಗಳೊಳಗಾದರೆ ಅದು ತುರ್ತು ವಿಧಾನದಲ್ಲಿ ಕೈಗೆತ್ತಿಕೊಳ್ಳುತ್ತದೆ, ಆಮೇಲಾದರೆ ಸಾಮಾನ್ಯ ವಿಧಾನ. ಹಾಗಾಗಿ ಇಲ್ಲಿ ಕಾಯುತ್ತ ಕೂರಬೇಡಿ. ಕೈದಿ ಯಾವ ಜೈಲಿನಲ್ಲಿದ್ದಾರೆಂದು ಗೊತ್ತಿದ್ದರೆ ವರ್ಕಿಂಗ್ ಗ್ರೂಪ್ ಆನ್ ಆರ್ಬಿಟ್ರರಿ ಡಿಟೆನ್ಶನ್, ಅಂದರೆ ಮನಸೋಇಚ್ಛೆ ಬಂಧನ ಕುರಿತ ಕಾರ್ಯತಂಡಕ್ಕೆ ಬರೆಯಬೇಕು. 1991ರಲ್ಲಿ ಶುರುವಾದ ಈ ತಂಡದಲ್ಲಿ ಐವರು ಸ್ವತಂತ್ರ ತಜ್ಞರಿರುತ್ತಾರೆ. ಮ್ಯಾನ್ಮಾರ್ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಸೇರಿಲ್ಲವಲ್ಲ ಎಂದು ಹಿಂಜರಿಯಬೇಡಿ. ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಆಧಾರದಲ್ಲೇ ತಂಡ ತೀರ್ಮಾನಿಸಬಲ್ಲದು. ಅಲ್ಲಿನ ಎಲ್ಲ ಕೋರ್ಟುಗಳಿಗೂ ಹೋಗಿ ಬಂದಿರಬೇಕೆಂಬ ಷರತ್ತೂ ಇಲ್ಲ.

ಹೆಸರಿನಲ್ಲೇ ಹೆಚ್ಚು ಎಡವಟ್ಟಾಗುತ್ತದೆ. ಬರ್ಮೀಯರಿಗೆ ಸಾಮಾನ್ಯವಾಗಿ ಮನೆತನದ ಹೆಸರಿರುವುದಿಲ್ಲ. ಉ, ಡಾ, ಕೋ, ಮಾ ಎಂಬವು ವಯಸ್ಸು, ಗೌರವ ನೋಡಿ ಮುಂದೆ ಸೇರಿಸುವ ಮಾತುಗಳು. ಒಂದೇ ಹೆಸರಿನ ಹಲವರು ಒಂದೇ ಜೈಲಿನಲ್ಲಿರಬಹುದು, ಒಬ್ಬರ ಹೆಸರನ್ನೇ ಇಂಗ್ಲಿಷಿನಲ್ಲಿ ಮೂರು ಬಗೆಯಲ್ಲಿ ಬರೆದಿರಬಹುದು. ಆದ್ದರಿಂದ ಬರ್ಮೀಸ್ ಲಿಪಿಯ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ನಾಗರಿಕ ಗುರುತಿನ ಚೀಟಿಯ ಸಂಖ್ಯೆ, ಊರು ಇವಿಷ್ಟನ್ನೂ ಕೊಡಿ. ಮಾಜಿ ರಾಜಕೀಯ ಕೈದಿಗಳು 2000ದಲ್ಲಿ ಥಾಯ್ಲೆಂಡ್ ಗಡಿಯಲ್ಲಿ ಕಟ್ಟಿದ ರಾಜಕೀಯ ಕೈದಿಗಳ ನೆರವು ಸಂಘ ಬಂಧಿತರ ಪಟ್ಟಿ ಇಟ್ಟಿದೆ. ನಿಮ್ಮಲ್ಲಿರುವ ವಿವರವನ್ನು ಅದರೊಂದಿಗೆ ತಾಳೆ ನೋಡಿ.

ಆಮೇಲೆ ಬಂಧನದ ವಿವರ. 'ಸೇನೆ ಅವರನ್ನು ಅಮಾನುಷವಾಗಿ ಎಳೆದೊಯ್ದಿತು' ಎಂಬ ವಾಕ್ಯದಿಂದ ಏನೂ ಸಾಬೀತಾಗುವುದಿಲ್ಲ. ಹೀಗಿರಬೇಕು: 'ಏಪ್ರಿಲ್ 4ರ ರಾತ್ರಿ ಸುಮಾರು 11 ಗಂಟೆಗೆ ಸಮವಸ್ತ್ರದಲ್ಲಿದ್ದ ಆರು ಸೈನಿಕರು, ಇಬ್ಬರು ಪೊಲೀಸರು ಮನೆಗೆ ಬಂದರು. ವಾರಂಟ್ ತೋರಿಸಲಿಲ್ಲ, ಕಾರಣ ಹೇಳಲಿಲ್ಲ. ಫೋನು, ಲ್ಯಾಪ್‌ಟಾಪ್ ಒಯ್ದರು. ಐದು ದಿನ ಸುಳಿವಿರಲಿಲ್ಲ. ಏಪ್ರಿಲ್ 9ರಂದು ಇನ್ಸೇನ್ ಜೈಲಿನಲ್ಲಿದ್ದಾರೆಂದು ವಕೀಲರಿಗೆ ತಿಳಿಯಿತು.' ದಿನಾಂಕ ಖಚಿತವಿಲ್ಲದಿದ್ದರೆ 'ಸುಮಾರು' ಎನ್ನಿ. ಒಂದು ದಿನಾಂಕ ಸುಳ್ಳಾದರೂ ಆಡಳಿತ ಅದನ್ನೇ ಹಿಡಿದು ಇಡೀ ದೂರನ್ನು ತಳ್ಳಿಹಾಕಲು ನೋಡುತ್ತದೆ.

ಕಾನೂನಿನ ಭಾಗಕ್ಕೆ ತಂಡದ ಐದು ವರ್ಗಗಳೇ ಚೌಕಟ್ಟು. ಮೊದಲನೆಯದು ಬಂಧನಕ್ಕೆ ಕಾನೂನಿನ ಆಧಾರವೇ ಇಲ್ಲದಿರುವುದು. ಎರಡನೆಯದು ಮಾತು, ಸಭೆ, ಸಂಘಟನೆಯಂಥ ಹಕ್ಕು ಚಲಾಯಿಸಿದ್ದಕ್ಕೆ ಬಂಧನ. ಮೂರನೆಯದು ನ್ಯಾಯಯುತ ವಿಚಾರಣೆ ಸಿಗದಿರುವುದು, ಐದನೆಯದು ತಾರತಮ್ಯ. ನಾಲ್ಕನೆಯದು ಆಶ್ರಯ ಬೇಡಿ ಬಂದವರ ದೀರ್ಘ ಬಂಧನಕ್ಕೆ ಸಂಬಂಧಿಸಿದ್ದು, ಇಲ್ಲಿ ಬಹುತೇಕ ಬೇಕಾಗದು. ಫೇಸ್‌ಬುಕ್ ಪೋಸ್ಟಿಗಾಗಿ ಮ್ಯಾನ್ಮಾರ್ ದಂಡಸಂಹಿತೆಯ 505ಎ ಕಲಂ ಹಾಕಿದ್ದರೆ ಎರಡನೇ ವರ್ಗ ಗಟ್ಟಿಯಾಗಿ ನಿಲ್ಲುತ್ತದೆ. ಕ್ಷಿಪ್ರಕ್ರಾಂತಿಯಾದ ಎರಡೇ ವಾರದಲ್ಲಿ ಸೇನೆ ಸೇರಿಸಿದ ಕಲಂ ಅದು: ಭಯ ಹುಟ್ಟಿಸುವುದು, ಸುಳ್ಳು ಸುದ್ದಿ ಹರಡುವುದು ಎಂಬ ಆರೋಪಕ್ಕೆ ಮೂರು ವರ್ಷದವರೆಗೆ ಸಜೆ. ಪೋಸ್ಟಿನ ಪ್ರತಿ, ಅದರ ಅನುವಾದ ಲಗತ್ತಿಸಿ. ಕೈದಿ ಆಯುಧ ಹಿಡಿದ ಆರೋಪವಿದ್ದರೆ ಅದನ್ನು ಮುಚ್ಚಿಡಬೇಡಿ. ಆಗ ಎರಡನೇ ವರ್ಗ ನಿಲ್ಲುವುದು ಕಷ್ಟ. ಆದರೆ ನಾಗರಿಕರೊಬ್ಬರನ್ನು ಸೇನಾ ನ್ಯಾಯಮಂಡಳಿ ಮುಚ್ಚಿದ ಬಾಗಿಲ ಹಿಂದೆ, ವಕೀಲರಿಲ್ಲದೆ ವಿಚಾರಿಸಿದ್ದರೆ ಮೂರನೇ ವರ್ಗ ಪೂರ್ತಿ ಅನ್ವಯಿಸುತ್ತದೆ.

ಬರಹ ಇಂಗ್ಲಿಷ್, ಫ್ರೆಂಚ್ ಅಥವಾ ಸ್ಪ್ಯಾನಿಷ್‌ನಲ್ಲಿರಬೇಕು, 20 ಪುಟ ಮೀರಬಾರದು. ಮೀರಿದ್ದನ್ನು ಪರಿಗಣಿಸದೆ ಬಿಡಬಹುದು. ತಂಡದ ಪ್ರಶ್ನಾವಳಿಯ ಕ್ರಮದಲ್ಲೇ ಬರೆಯಿರಿ. ಸೇನೆಯ ಇತಿಹಾಸಕ್ಕೆ ಅರ್ಧ ಪುಟ ಸಾಕು. ಅದು ಆ ತಜ್ಞರಿಗೆ ಗೊತ್ತಿದೆ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಮನೆಯವರ ಸುರಕ್ಷತೆಯಲ್ಲಿ. ದೂರು ಕೊಟ್ಟವರ ಹೆಸರನ್ನು ತಂಡ ಗುಟ್ಟಾಗಿಡುತ್ತದೆ, ಆದರೆ ದೂರಿನ ಸಾರಾಂಶ ಆಡಳಿತಕ್ಕೆ ಹೋಗುತ್ತದೆ. 'ಭೇಟಿಗೆ ಹೋದಾಗ ಬೆನ್ನ ಮೇಲೆ ಗಾಯ ಕಂಡಿತು' ಎಂದರೆ ಭೇಟಿಗೆ ಹೋದವರು ಯಾರೆಂದು ಜೈಲಿನವರಿಗೆ ಕೂಡಲೇ ಗೊತ್ತಾಗುತ್ತದೆ. ಒಬ್ಬರಿಗೆ ಮಾತ್ರ ಗೊತ್ತಿರಬಹುದಾದ ಪ್ರತಿಯೊಂದು ಸಂಗತಿಯನ್ನೂ ಗುರುತು ಹಾಕಿ, ಇದು ಹೋಗಲೇ ಎಂದು ಮನೆಯವರನ್ನು ಕೇಳಿ. ಬೇಡ ಎಂದರೆ ತೆಗೆದುಬಿಡಿ, ಒತ್ತಾಯಿಸಬೇಡಿ. ಮನೆಯವರು ಮಿಜೋರಾಂಗೆ ದಾಟಿ ಬಂದಿದ್ದರೆ ಈಗಿನ ವಿಳಾಸ ಎಲ್ಲೂ ಬೇಡ. ಭಾರತದಲ್ಲಿ ಅವರನ್ನು ಕಾಪಾಡುವ ನಿರಾಶ್ರಿತರ ಕಾನೂನೇ ಇಲ್ಲ.

ದೂರು ತಲುಪಿದ ಮೇಲೆ ತಂಡ ಉತ್ತರಕ್ಕೆ 60 ದಿನ ಕೊಡುತ್ತದೆ, ಕೇಳಿದರೆ ಗರಿಷ್ಠ ಒಂದು ತಿಂಗಳು ಹೆಚ್ಚು. ಉತ್ತರ ಬಂದರೆ ನಿಮ್ಮ ಅಭಿಪ್ರಾಯ ಕೇಳುತ್ತಾರೆ. ಬಾರದಿದ್ದರೂ ಇರುವ ದಾಖಲೆಯ ಮೇಲೆ ಅಭಿಪ್ರಾಯ ಪ್ರಕಟಿಸಬಹುದು, ಹಾಗಾಗಿ ನಿಮ್ಮ ದೂರು ತನ್ನ ಕಾಲ ಮೇಲೆ ನಿಲ್ಲುವಂತಿರಬೇಕು. ಪ್ರಾಣಕ್ಕೆ, ಆರೋಗ್ಯಕ್ಕೆ ಅಪಾಯವಿದ್ದರೆ ತುರ್ತು ಮನವಿ ಎಂದು ಪ್ರತ್ಯೇಕವಾಗಿ ಕಳಿಸಿ.

ಈ ಅಭಿಪ್ರಾಯಕ್ಕೆ ಜೈಲಿನ ಬಾಗಿಲು ತೆರೆಸುವ ಬಲವಿಲ್ಲ ಎಂಬುದನ್ನು ಮನೆಯವರಿಗೆ ಮೊದಲೇ ಹೇಳಿ. ಆಂಗ್ ಸಾನ್ ಸೂ ಕೀ ಅವರ ಬಂಧನ ತಪ್ಪೆಂದು 1992ರಿಂದ ತಂಡ ಮತ್ತೆ ಮತ್ತೆ ಹೇಳಿತು. 2010ರ ನವೆಂಬರ್‌ನಲ್ಲಿ ಅವರು ಹೊರಬಂದದ್ದು ಗೃಹಬಂಧನದ ಅವಧಿ ಮುಗಿದಾಗ. ಆದರೂ ಆಶ್ರಯದ ಅರ್ಜಿಗೆ, ಹೊರದೇಶದ ಸಂಸದರಿಗೆ, ಅಧಿಕಾರಿಗಳ ಮೇಲಿನ ನಿರ್ಬಂಧಕ್ಕೆ ಈ ಕಾಗದ ಅಧಿಕೃತ ಆಧಾರವಾಗುತ್ತದೆ.

ಕೈದಿಯನ್ನು ಬೇರೆ ಜೈಲಿಗೆ ಸಾಗಿಸಿದರೆ, ಹೊಸ ಕಲಂ ಸೇರಿಸಿದರೆ, ಕ್ಷಮಾದಾನದಲ್ಲಿ ಬಿಟ್ಟರೆ ಅಂದೇ ತಂಡಕ್ಕೆ ತಿಳಿಸಿ. ಬಿಡುಗಡೆ ಅಲ್ಲಿನ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 401ನೇ ಕಲಂ ಅಡಿಯಲ್ಲಾಗಿದ್ದರೆ ಅದನ್ನೂ ಬರೆಯಿರಿ: ಮತ್ತೆ ಅಪರಾಧ ಮಾಡಿದರೆಂದು ಹೇಳಿ ಉಳಿದ ಸಜೆಯನ್ನೂ ಅನುಭವಿಸಲು ಒಳಗೆ ಹಾಕಬಹುದಾದ ಷರತ್ತಿನ ಬಿಡುಗಡೆ ಅದು, ಪ್ರಕರಣ ಮುಗಿದಂತಲ್ಲ.