ರೂನ್‌ಸ್ಕೇಪ್‌ನಲ್ಲಿ ಎದುರಾಳಿ ಮೇಲೆ ಕ್ಲಿಕ್ ಮಾಡಿದರೂ ಏಟು ಬೀಳದಿದ್ದಾಗ

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಆನ್‌ಲೈನ್ ಆಟದಲ್ಲಿ ಆಟಗಾರರು ಪರಸ್ಪರ ಹೊಡೆದಾಡಬಹುದಾದ ಜಾಗ ವೈಲ್ಡರ್‌ನೆಸ್. ಅಲ್ಲಿ ಬೇರೆ ಆಟಗಾರರ ಜೊತೆ ಕಾದಾಡಲು ಹೋದಾಗೆಲ್ಲ ಒಂದೇ ಕಥೆ. ನನಗಿಂತ ಜಾಸ್ತಿ ಲೆವೆಲ್ ಇರುವವನ ಮೇಲೆ ಕ್ಲಿಕ್ ಮಾಡಿದರೆ ನನ್ನ ಪಾತ್ರ ಹೊಡೆಯುತ್ತಿರಲಿಲ್ಲ. ಸುಮ್ನೆ ನಡೆದು ಅವನ ಕಾಲಬುಡದಲ್ಲಿ ನಿಲ್ಲುತ್ತಿತ್ತು. ಅಷ್ಟರಲ್ಲಿ ಅವನು ನಾಲ್ಕು ಏಟು ಹಾಕಿರುತ್ತಿದ್ದ.

ಮೌಸ್ ಬದಲಿಸಿದೆ, ವೈಫೈ ಬಿಟ್ಟು ಕೇಬಲ್ ಹಾಕಿದೆ, ದುಬಾರಿ ಕತ್ತಿ ಕೊಂಡೆ. ಕತ್ತಿಯೂ ಹೋಯಿತು.

ಗುಟ್ಟು ಇದ್ದದ್ದು ಸೆಟ್ಟಿಂಗ್ಸ್‌ನ ಕಂಟ್ರೋಲ್ಸ್ ಭಾಗದಲ್ಲಿ. ಅಲ್ಲಿ 'ಪ್ಲೇಯರ್ ಅಟ್ಯಾಕ್ ಆಪ್ಷನ್ಸ್' ಎಂದಿದೆ. ಮೊದಲಿಂದ ಅದು 'ಡಿಪೆಂಡ್ಸ್ ಆನ್ ಕಾಂಬ್ಯಾಟ್ ಲೆವೆಲ್ಸ್' ಆಗಿರುತ್ತದೆ. ಅಂದರೆ ಎದುರಾಳಿಯ ಲೆವೆಲ್ ನಿಮ್ಮದಕ್ಕಿಂತ ಜಾಸ್ತಿ ಇದ್ದರೆ ಹೊಡೆಯುವ ಆಯ್ಕೆ ರೈಟ್ ಕ್ಲಿಕ್ ಮೆನುವಿಗೆ ಹೋಗಿ ಕೂರುತ್ತದೆ. ಅದನ್ನು 'ಲೆಫ್ಟ್-ಕ್ಲಿಕ್ ವೇರ್ ಅವೈಲಬಲ್' ಮಾಡಿದೆ. ಮೊದಲ ಕ್ಲಿಕ್‌ಗೇ ಏಟು ಬಿತ್ತು. ಕಾಳಗ ಮುಗಿದ ಮೇಲೆ ಮರೆಯದೆ ಹಿಂದಕ್ಕೆ ಬದಲಿಸಿ. ತಪ್ಪಿ ಯಾರನ್ನೋ ಮೊದಲು ಹೊಡೆದರೆ ತಲೆ ಮೇಲೆ ಬುರುಡೆ ಗುರುತು ಬೀಳುತ್ತದೆ. ಆಗ ಸತ್ತರೆ, ಸಾಮಾನ್ಯವಾಗಿ ಉಳಿಯುವ 3 ವಸ್ತುಗಳೂ ಉಳಿಯುವುದಿಲ್ಲ.

ಆಮೇಲೆ ಆಟದ ಪಟ್ಟಿಗಳನ್ನು ತೆರೆಯುವ ಕೀಬೋರ್ಡ್ ಕೀಲಿಗಳು. ಚೀಲಕ್ಕೆ ಎಸ್ಕೇಪ್, ಪ್ರಾರ್ಥನೆಗೆ ಎಫ್5, ಮಂತ್ರಕ್ಕೆ ಎಫ್6 ಇತ್ತು. ಬೆರಳು ಅಷ್ಟು ದೂರ ಹೋಗುವುದರೊಳಗೆ ಸಾವು ಅಲ್ವಾ? ಅದೇ ಕಂಟ್ರೋಲ್ಸ್‌ನಲ್ಲಿ ಚೀಲ ಎಫ್1, ಪ್ರಾರ್ಥನೆ ಎಫ್2, ಮಂತ್ರ ಎಫ್3 ಮಾಡಿಕೊಂಡೆ. ಎದುರಾಳಿ ಬಿಲ್ಲು ಹಿಡಿದ ಕೂಡಲೇ ಎಫ್2 ಒತ್ತಿ 'ಪ್ರೊಟೆಕ್ಟ್ ಫ್ರಮ್ ಮಿಸೈಲ್ಸ್' ಎಂಬ, ಬಾಣದ ಏಟಿನಿಂದ ಕಾಯುವ ಪ್ರಾರ್ಥನೆ ಹಾಕಬೇಕು. ಆಟಗಾರರ ನಡುವೆ ಅದು ಏಟನ್ನು ಶೇ. 40 ಇಳಿಸುತ್ತದೆ, ಪೂರ್ತಿ ತಡೆಯುವುದಿಲ್ಲ.

ಅಭ್ಯಾಸಕ್ಕೆ ಫೆರಾಕ್ಸ್ ಎನ್‌ಕ್ಲೇವ್ ಎಂಬ ಜಾಗದಲ್ಲಿ ಸಿಗುವ 'ಲಾಸ್ಟ್ ಮ್ಯಾನ್ ಸ್ಟ್ಯಾಂಡಿಂಗ್' ಎಂಬ ಕಾಳಗದ ಕಿರು ಆಟ ಸಾಕು. ಆಯುಧ ಅವರೇ ಕೊಡುತ್ತಾರೆ, ಸತ್ತರೂ ನಮ್ಮದೇನೂ ಹೋಗುವುದಿಲ್ಲ.